ಆರನೇ ಬಿಳಿ ಸೂಟು

ಹುಲಿ ಡಾಕ್ಟರ್ ಒಮ್ಮೆ ಮೂಗರಳಿಸಿದರೆ ಸಾಕು, ಹನ್ನೆರಡು ಮೈಲಿ ಆಚೆ ತಣ್ಣಗೆ ಕಾಳು ಕುಕ್ಕುತ್ತಿರುವ ಕೋಳಿಗೆ ನಾಡಿದ್ದು ಬರಲಿರುವ ಜ್ವರ ಇವತ್ತೇ ವಾಸನೆ ಬಡಿಯುತ್ತಿತ್ತು. ಅಷ್ಟೇ ಅಲ್ಲ, ಅದು ಹುಂಜದ ಜ್ವರವೋ ಹೇಂಟೆಯ ಜ್ವರವೋ, ಎಡಗಾಲಿನಿಂದ ಏರುತ್ತದೋ ಬಲಗಾಲಿನಿಂದಲೋ ಅನ್ನುವುದನ್ನೂ ಕಣ್ಣು ಮುಚ್ಚಿಕೊಂಡು ಹೇಳಿಬಿಡುತ್ತಿದ್ದ.

ಹಾಗಂತ ಸ್ವತಃ ಹುಲಿ ಡಾಕ್ಟರೇ, ಫಾರ್ಮಿನ ಆಫೀಸು ಕೋಣೆಯಲ್ಲಿ ಕುರ್ಚಿಯ ಹಿಂಗಾಲುಗಳ ಮೇಲೆ ತೂಗಾಡುತ್ತ, ಎದುರಿಗೆ ನಿಂತ ಇಬ್ಬರಿಗೆ ಹೇಳುತ್ತಿದ್ದ.

“ಹಾಗಾದ್ರೆ ನನಗೆ ಜ್ವರ ಯಾವತ್ತು ಬರುತ್ತೆ ಸಾರ್?” ಅಂದ ಫೀಡ್ ಲಾರಿಯ ಡ್ರೈವರ್.

“ನಿಜ ಹೇಳದಿದ್ರೆ ಇವತ್ತು ಮಧ್ಯಾಹ್ನಾನೇ.”

ಡ್ರೈವರ್ ನಕ್ಕ. ಪಕ್ಕದಲ್ಲಿ ನಿಂತಿದ್ದ ಫಾರ್ಮ್ ಸೂಪರ್‌ವೈಸರ್ ನಗಲಿಲ್ಲ. ಅವನು ಕಿಟಕಿಯಾಚೆ ನೋಡುತ್ತಿದ್ದ. ಅಲ್ಲಿ ಬಿಳಿ ಸೂಟು ತೊಟ್ಟ ನಾಲ್ಕು ಜನ ಆರನೇ ಶೆಡ್ಡಿನಿಂದ ಚೀಲಗಳನ್ನು ಹೊತ್ತು ತಂದು ಸುಣ್ಣದ ಗುಂಡಿಗೆ ಇಳಿಸುತ್ತಿದ್ದರು. ಸಾವಿರಾರು ಕೋಳಿಗಳ ಜಾಗದಲ್ಲಿ ಯಾರೂ ಏರುದನಿಯಲ್ಲಿ ಮಾತಾಡುತ್ತಿರಲಿಲ್ಲ.

ಹನ್ನೆರಡು ದಿನದ ಹಿಂದೆ ಈ ಫಾರ್ಮಿನ ಆರೂ ಶೆಡ್ಡುಗಳಿಂದ ಮಾದರಿ ತೆಗೆದು, ‘ಹಕ್ಕಿ ಜ್ವರ ಇಲ್ಲ’ ಎಂದು ಬರೆದುಕೊಟ್ಟವನು ಸರ್ಕಾರಿ ಪಶುವೈದ್ಯನಾದ ಇದೇ ಹುಲಿ ಡಾಕ್ಟರ್. ಈಗ ಆರನೇ ಶೆಡ್ಡಿನಲ್ಲಿ ಮೊಟ್ಟೆ ಆರಿಸುತ್ತಿದ್ದ ಬುಟ್ಟಿಯಕ್ಕ ಅದೇ ಜ್ವರ ಹತ್ತಿ, ಮೂಗಿಗೆ ಆಕ್ಸಿಜನ್ ನಳಿಕೆ ಸಿಕ್ಕಿಸಿಕೊಂಡು, ಯಾರನ್ನೂ ಒಳಗೆ ಬಿಡದ ವಾರ್ಡಿನಲ್ಲಿ ಮಲಗಿದ್ದಳು. ಇಲ್ಲದ ಜ್ವರ ಎಲ್ಲಿಂದ ಬಂತು? ಅದನ್ನು ಪತ್ತೆ ಹಚ್ಚುವ ಕೆಲಸವೂ ಹುಲಿ ಡಾಕ್ಟರನ ಕೊರಳಿಗೇ ಬಿದ್ದಿತ್ತು.

ಬೆಳಿಗ್ಗೆ ಆಸ್ಪತ್ರೆಯ ಡಾಕ್ಟರಮ್ಮ ಫೋನಿನಲ್ಲಿ ಖಡಕ್ಕಾಗಿ ಹೇಳಿದ್ದಳು: “ಯಾವತ್ತಿಂದ ಆ ಶೆಡ್ಡಿನಲ್ಲಿ ಜ್ವರ ಇತ್ತು, ಯಾರ್ಯಾರು ಒಳಗೆ ಹೋಗಿದ್ರು, ಸಾಯಂಕಾಲ ಆರು ಗಂಟೆಯೊಳಗೆ ನನಗೆ ಪಟ್ಟಿ ಬೇಕು. ಅಂಥವರಿಗೆಲ್ಲ ಬೇಗ ಮಾತ್ರೆ ನುಂಗಿಸಬೇಕು. ಒಂದು ಹೆಸರು ಬಿಟ್ಟುಹೋದ್ರೂ ಬುಟ್ಟಿಯಕ್ಕನ ಪಕ್ಕದ ಮಂಚ ತುಂಬುತ್ತೆ, ತಿಳೀತಾ?”

“ಆರು ಗಂಟೆ ಯಾಕಮ್ಮ, ನಾಲ್ಕಕ್ಕೇ ಕಳ್ಳನ ಕಿವಿ ಹಿಡಿದು ತಂದು ನಿಮ್ಮ ಮೇಜಿನ ಮೇಲೆ ಕೂರಿಸ್ತೀನಿ” ಅಂದಿದ್ದ ಹುಲಿ ಡಾಕ್ಟರ್.

ಈಗ ಗಂಟೆ ಮೂರಾಗಿತ್ತು.

“ನೋಡಪ್ಪಾ,” ಅಂತ ಅವನು ಡ್ರೈವರ್ ಕಡೆ ಬೆರಳು ಮಾಡಿದ. “ನಾನು ಕ್ಲೀನ್ ಅಂತ ಬರೆದುಕೊಟ್ಟ ಮೂರನೇ ದಿನಕ್ಕೆ ನಿನ್ನ ಲಾರಿ ಒಳಗೆ ಬಂದಿದೆ. ಅದಕ್ಕೆ ಮೊದಲು ಇನ್ನೆಲ್ಲೋ ಕೋಳಿ ಸತ್ತ ಫಾರ್ಮಿಗೆ ಹೋಗಿರ್ತೀಯ. ಚಕ್ರದಲ್ಲಿ ಹೇಲು ಮೆತ್ತಿಸಿಕೊಂಡು ತಂದು ಇಲ್ಲಿ ಒರೆಸಿದ್ದೀಯ. ಈ ಕೇಸು ನನ್ನ ಕಿರುಬೆರಳಿಗೂ ಸಾಲಲ್ಲ.”

“ಗೇಟಿನಲ್ಲಿ ಚಕ್ರಕ್ಕೆ ಔಷಧಿ ನೀರು ಹೊಡೆಸ್ಕೊಂಡೇ ಬಂದಿದ್ದು ಸಾರ್.”

“ನೀರು! ನನ್ನ ಮುಂದೆ ನೀರಿನ ಮಾತಾಡ್ತಾನೆ.”

“ಅದೂ ಹೋಗಲಿ ಸಾರ್.” ಡ್ರೈವರ್ ತಲೆ ಕೆರೆದುಕೊಂಡ. ಅವನ ದನಿಯಲ್ಲಿ ಜಾಣತನ ಇರಲಿಲ್ಲ, ಬರೀ ಗೊಂದಲ ಇತ್ತು. “ಪಂಜರದ ಶೆಡ್ಡು ಐದಕ್ಕೂ ಲಾರಿಯಿಂದ್ಲೇ ಪೈಪಿನಲ್ಲಿ ಫೀಡ್ ಹೋಗುತ್ತೆ. ಆರನೇದಕ್ಕೆ ಪೈಪೇ ಇಲ್ವಲ್ಲ. ಅಲ್ಲಿ ಕೋಳಿ ನೆಲದ ಮೇಲೆ ಬಿಟ್ಟಿರ್ತಾರೆ. ಬುಟ್ಟಿಯಕ್ಕಾನೇ ಚೀಲ ಹೊತ್ಕೊಂಡು ಹೋಗಿ ಸುರೀತಿದ್ಲು. ನಾನು ಆ ಕಡೆ ಮುಖಾನೂ ಹಾಕಲ್ಲ. ಲಾರಿ ತಂದಿದ್ರೆ ಮೊದಲು ಒಂದನೇ ಶೆಡ್ಡು ಮಲಗಬೇಕಿತ್ತಲ್ವಾ?”

ಕುರ್ಚಿಯ ಮುಂಗಾಲುಗಳು ದಡಕ್ಕನೆ ನೆಲಕ್ಕಿಳಿದವು.

ಆ ಮಾತಿನಲ್ಲಿ ಒಂದು ಎಳೆಯೂ ತಪ್ಪಿರಲಿಲ್ಲ. ಐದು ಶೆಡ್ಡುಗಳಲ್ಲಿ ಬಿಳಿ ಕೋಳಿಗಳು ಪಂಜರದೊಳಗಿದ್ದವು. ಅವು ಇಟ್ಟ ಮೊಟ್ಟೆಗಳು ತಾವೇ ಉರುಳಿ ಪಂಜರದ ಮುಂದಿನ ತಗಡಿನ ದೋಣಿಗೆ ಬರುತ್ತಿದ್ದವು. ಆರನೆಯದರಲ್ಲಿ ಮಾತ್ರ ಕಂದು ಕೋಳಿಗಳು ಹೊಟ್ಟಿನ ಹಾಸಿನ ಮೇಲೆ ಮನಸ್ಸು ಬಂದ ಕಡೆ ತಿರುಗಾಡಿಕೊಂಡು, ಮನಸ್ಸು ಬಂದ ಕಡೆ ಮೊಟ್ಟೆ ಇಡುತ್ತಿದ್ದವು. ಅದಕ್ಕೇ ಅಲ್ಲಿ ಬುಟ್ಟಿ ಬೇಕಿತ್ತು, ಬುಟ್ಟಿ ಹಿಡಿದು ದಿನವಿಡೀ ಬಗ್ಗಿ ನಡೆಯುವ ಒಬ್ಬ ಹೆಂಗಸು ಬೇಕಿತ್ತು. ಐದು ಶೆಡ್ಡು ಇವತ್ತಿಗೂ ಗಟ್ಟಿಮುಟ್ಟಾಗಿವೆ. ಆರನೆಯದು ಮಾತ್ರ ನೆಲಕಚ್ಚಿದೆ.

“ತಲೆ ಓಡಿಸೋದು ನನ್ನ ಕೆಲಸ,” ಅಂದ ಹುಲಿ ಡಾಕ್ಟರ್. “ನೀನು ಲಾರಿ ಓಡಿಸು, ಹೋಗು.”

ಡ್ರೈವರ್ ಹೋದ. ಸೂಪರ್‌ವೈಸರ್ ಉಳಿದ. ತೆಳ್ಳನೆಯ ಮನುಷ್ಯ, ಮಾತಿಗೆ ಮುಂಚೆ ಒಮ್ಮೆ ಗಂಟಲು ಸರಿಮಾಡಿಕೊಳ್ಳುವ ಅಭ್ಯಾಸ.

“ಗುಂಡಿಗೆ ಇಳಿಸೋವಾಗ ಎಣಿಸಿದ್ವಿ ಸಾರ್,” ಅಂದ ಅವನು. “ಆರನೇ ಶೆಡ್ಡಿನಲ್ಲಿ ನಾಲ್ಕು ಕೋಳಿ ಕಮ್ಮಿ ಬರ್ತಿದೆ.”

“ಸತ್ತಿರ್ತವೆ.”

“ಸತ್ತವನ್ನೂ ಸೇರಿಸಿಯೇ ಹೇಳ್ತಿರೋದು.” ಅವನು ಗಂಟಲು ಸರಿಮಾಡಿಕೊಂಡ. “ಆವತ್ತು ನೀವು ಒಳಗೆ ಹೋಗಿ ಬಂದ್ರಲ್ಲ. ಮೈಯೆಲ್ಲ ಹೊಟ್ಟು ಮಾಡ್ಕೊಂಡಿದ್ರಿ, ಪಾಪ. ಪರೀಕ್ಷೆಗೆ ಅಂತ ಆ ನಾಲ್ಕನ್ನ ನೀವೇ ತಗೊಂಡು ಹೋಗಿರಬೇಕು. ಅಲ್ವಾ?”

ಹುಲಿ ಡಾಕ್ಟರ್ ಆರನೇ ಶೆಡ್ಡಿನಿಂದ ಒಂದು ಕೋಳಿಯನ್ನೂ ತಂದಿರಲಿಲ್ಲ. ‘ಇಲ್ಲ’ ಅನ್ನುವುದು ಎರಡಕ್ಷರದ ಮಾತು. ಆದರೆ ಆ ಎರಡಕ್ಷರದ ಹಿಂದೆಯೇ ಇನ್ನೊಂದು ಪ್ರಶ್ನೆ ಬಾಲದ ಹಾಗೆ ಬರುತ್ತಿತ್ತು. ಹಾಗಾದರೆ ಒಳಗೆ ನೀವು ಏನು ಮಾಡಿದಿರಿ?

“ಹೌದು, ನಾನೇ,” ಅಂದ. “ನಾಲ್ಕಕ್ಕೇ ಬಿಟ್ಟೆ ಅಂತ ಸಂತೋಷಪಡಿ. ನಲವತ್ತು ಹೊತ್ಕೊಂಡು ಹೋಗೋಣ ಅಂತಿದ್ದೆ.”

ಸೂಪರ್‌ವೈಸರ್ ಅಷ್ಟು ಹೊತ್ತು ತಡೆದುಕೊಂಡಿದ್ದ ಉಸಿರನ್ನು ಮೆಲ್ಲಗೆ ಬಿಟ್ಟ. ಬೇರೆ ದಿನವಾಗಿದ್ದರೆ ಹುಲಿ ಡಾಕ್ಟರ್ ಆ ಉಸಿರನ್ನು ಗಾಳಿಯಲ್ಲೇ ಹಿಡಿದು, ಹಿಂದುಮುಂದು ತಿರುಗಿಸಿ ನೋಡಿ, ಜೇಬಿಗೆ ಹಾಕಿಕೊಳ್ಳುತ್ತಿದ್ದ. ಇವತ್ತು ಕಂಡೂ ಕಾಣದವನ ಹಾಗೆ ತನ್ನ ಬೂಟು ನೋಡಿಕೊಂಡ.

ಅಷ್ಟರಲ್ಲಿ ಜೇಬಿನ ಫೋನು ಗುಂಯ್‌ಗುಟ್ಟಿತು.

“ಭಾವ, ಲ್ಯಾಬಿಗೆ ಬನ್ನಿ.” ಅಷ್ಟು ಹೇಳಿ ಇಟ್ಟುಬಿಟ್ಟಳು.

ಲ್ಯಾಬಿನವಳು ಅವನ ಹೆಂಡತಿಯ ತಂಗಿ. ಮನೆಯಲ್ಲಿ ಭಾವ, ಆಫೀಸಿನಲ್ಲಿ ಸಾರ್. ಮೂರು ವರ್ಷದಲ್ಲಿ ಒಂದೇ ಒಂದು ಸಲವೂ ಈ ಗೆರೆ ದಾಟಿದವಳಲ್ಲ. ಇವತ್ತು ಆಫೀಸಿನ ಫೋನಿನಿಂದ ಭಾವ ಅಂದಿದ್ದಳು. ಹುಲಿ ಡಾಕ್ಟರ್ ಜೀಪಿನ ಕೀಲಿ ತೆಗೆದುಕೊಂಡು ಎದ್ದ.

ಜೀಪಿನ ಹತ್ತಿರ ಹೋಗುವ ದಾರಿಯಲ್ಲಿ ಆರನೇ ಶೆಡ್ಡು ಎದುರಾಯಿತು. ಬಾಗಿಲ ಪಕ್ಕದ ಮೊಳೆಗೆ ಒಂದು ತಂತಿ ಬುಟ್ಟಿ ನೇತಾಡುತ್ತಿತ್ತು. ಹಿಡಿಗೆ ಹಳೇ ಸೀರೆಯ ಅಂಚು ಸುತ್ತಿತ್ತು, ಅಂಗೈ ಕೊರೆಯದಿರಲಿ ಅಂತ.

ಹನ್ನೆರಡು ದಿನದ ಹಿಂದೆ ಇದೇ ಬಾಗಿಲಿನಿಂದ ಬುಟ್ಟಿಯಕ್ಕ ತಲೆ ಹೊರಹಾಕಿ ಅವನನ್ನು ಕೂಗಿದ್ದಳು: “ಡಾಕ್ಟ್ರೇ, ಬೇಗ ಬನ್ನಿ. ನನ್ನ ಕೋಳಿಗಳು ಬೆಳಿಗ್ಗೆಯಿಂದ ತಲೆ ಇಳಿಬಿಟ್ಕೊಂಡು ಕೂತಿವೆ.”

“ನನ್ನಂಥ ಗಂಡಸು ಬರ್ತಾನೆ ಅಂತ ನಾಚ್ಕೊಂಡಿರಬೇಕು!” ಅಂದಿದ್ದ ಅವನು, ಅಂಗಳದಲ್ಲೇ ನಿಂತು.

ಬುಟ್ಟಿಯಕ್ಕ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದಳು. ತಲೆ ಇಳಿಬಿಡುವುದು ಹಕ್ಕಿ ಜ್ವರದ ಮೊದಲ ಲಕ್ಷಣ ಅಂತ ಅವಳಿಗೆ ಗೊತ್ತಿರಲಿಲ್ಲ. ಅವನಿಗೆ ಗೊತ್ತಿತ್ತು.

ಅವನು ಬುಟ್ಟಿಯನ್ನು ನೋಡದ ಹಾಗೆ ಜೀಪು ಹತ್ತಿದ.

*

ಲ್ಯಾಬಿನ ಒಳಕೋಣೆಗೂ ಹೊರಕೋಣೆಗೂ ನಡುವೆ ದಪ್ಪ ಗಾಜಿನ ಗೋಡೆ. ಒಳಗೆ ವೈರಸ್ಸಿನ ಕೆಲಸ ನಡೆಯುವುದರಿಂದ ಹೊರಗಿನವರು ಗಾಜಿನ ಈಚೆಯಿಂದ, ಗೋಡೆಯ ಮೈಕಿನಲ್ಲಿ ಮಾತಾಡಬೇಕು. ನಾದಿನಿ ಒಳಗಿದ್ದಳು. ಕೈಗವಸು, ಮಾಸ್ಕು, ತಲೆಗೆ ಟೋಪಿ. ಕಣ್ಣು ಮಾತ್ರ ಕಾಣುತ್ತಿತ್ತು. ಆ ಕಣ್ಣು ಅವನ ಹೆಂಡತಿಯ ಕಣ್ಣಿನ ಹಾಗೇ ಇತ್ತು ಅನ್ನುವುದು ಹುಲಿ ಡಾಕ್ಟರನಿಗೆ ಇವತ್ತೇ ಗಮನಕ್ಕೆ ಬಂದಿದ್ದು.

“ಏನಮ್ಮಾ, ಜೀಪನ್ನ ರಾಕೆಟ್ಟು ಮಾಡ್ಕೊಂಡು ಬಂದೆ. ದಾರೀಲಿ ಎರಡು ಮೋಟರ್ ಬೈಕು, ಒಂದು ರೈಲು ಹಿಂದೆ ಬಿತ್ತು.”

ಅವಳು ನಗಲಿಲ್ಲ. ಹತ್ತು ಚಿಕ್ಕ ಟ್ಯೂಬುಗಳಿದ್ದ ಒಂದು ಸ್ಟ್ಯಾಂಡನ್ನು ಗಾಜಿನ ಹತ್ತಿರ ತಂದಿಟ್ಟಳು.

“ಆರನೇ ಶೆಡ್ಡು,” ಅಂದಳು. ಮೈಕಿನಲ್ಲಿ ಅವಳ ದನಿ ತಗಡಿನ ಹಾಗೆ ಕೇಳಿತು. “ಹನ್ನೆರಡು ದಿನದ ಹಿಂದೆ ನೀವು ತಂದು ಕೊಟ್ಟಿದ್ದು. ಫ್ರೀಜರಿನಿಂದ ತೆಗೆದೆ.”

“ನೆಗೆಟಿವ್ ಅಂತ ಬಂದಿತ್ತಲ್ಲ. ನೀನೇ ಸಹಿ ಹಾಕಿದ್ದೆ.”

“ಹಾಕಿದ್ದೆ. ಅದಕ್ಕೇ ನಿನ್ನೆಯಿಂದ ಗಂಟಲಲ್ಲಿ ತುತ್ತು ಇಳೀತಿಲ್ಲ.” ಅವಳು ಏಳನೇ ಟ್ಯೂಬನ್ನು ಎತ್ತಿ ಗಾಜಿಗೆ ಒತ್ತಿ ಹಿಡಿದಳು. “ನೋಡಿ.”

ಮಾದರಿ ತೆಗೆಯುವಾಗ ಹತ್ತಿ ಸುತ್ತಿದ ಕಡ್ಡಿಯನ್ನು ಕೋಳಿಯ ಗಂಟಲಿಗೆ ಆಡಿಸಿ, ತುದಿಯನ್ನು ಟ್ಯೂಬಿನ ದ್ರವದೊಳಗೇ ಮುರಿದು ಬಿಡುವುದು ಪದ್ಧತಿ. ಆ ಹತ್ತಿಯ ತುದಿಗೆ ಒಂದು ಕೂದಲೆಳೆಯಷ್ಟು ಪುಕ್ಕ ಅಂಟಿಕೊಂಡಿತ್ತು.

ಬೆಳ್ಳಗಿತ್ತು.

“ಆರನೇ ಶೆಡ್ಡಿನಲ್ಲಿರೋದು ಕಂದು ಕೋಳಿ,” ಅಂದಳು.

“ಗಾಳಿ!” ಅಂದ ಹುಲಿ ಡಾಕ್ಟರ್ ತಕ್ಷಣ. “ಆವತ್ತು ಎಂಥ ಗಾಳಿ ಅಂತೀಯ. ಐದನೇ ಶೆಡ್ಡಿನ ಪುಕ್ಕ ಆರನೇದಕ್ಕೆ, ಆರನೇದ್ದು ಪಕ್ಕದ ಊರಿಗೆ. ನನ್ನನ್ನೇ ಎರಡಡಿ ಎತ್ತಿ ಇಳಿಸಿತ್ತು.”

ಅವಳು ಟ್ಯೂಬನ್ನು ಗಾಜಿನಿಂದ ತೆಗೆಯಲಿಲ್ಲ.

“ಅಲ್ಲದೆ,” ಅವನಿಗೆ ಇದ್ದಕ್ಕಿದ್ದ ಹಾಗೆ ಪುಸ್ತಕದ ಪುಟವೊಂದು ನೆನಪಿಗೆ ಬಂತು, ಮುಖ ಅರಳಿತು, “ಕಂದು ಕೋಳಿಗೂ ಒಳಪುಕ್ಕ ಬೆಳ್ಳಗಿರುತ್ತಮ್ಮಾ! ರೆಕ್ಕೆ ಎತ್ತಿ ನೋಡಿದ್ದೀಯ ಯಾವತ್ತಾದ್ರೂ? ಗಾಜಿನ ಕೋಣೇಲಿ ಕೂತವರಿಗೆ ಇವೆಲ್ಲ ಗೊತ್ತಾಗಲ್ಲ.”

“ಇರುತ್ತೆ,” ಅಂದಳು ನಾದಿನಿ. “ನೀವು ಅದನ್ನೇ ಹೇಳ್ತೀರಿ ಅಂತ ಗೊತ್ತಿತ್ತು. ಅದಕ್ಕೇ ಪುಕ್ಕದ ಮಾತು ಬಿಟ್ಟೆ. ಬೆಳಿಗ್ಗೆಯಿಂದ ಕೂತು ತಳಿ ನೋಡಿದೆ. ಬಿಳಿ ಕೋಳಿ ಯಾವುದು, ಕಂದು ಕೋಳಿ ಯಾವುದು ಅನ್ನೋದು ಎಂಜಲಿನಲ್ಲೇ ಸಿಗುತ್ತೆ, ರೆಕ್ಕೆ ಎತ್ತೋದು ಬೇಕಾಗಿಲ್ಲ. ಹತ್ತಕ್ಕೆ ಹತ್ತೂ ಬಿಳಿ ಕೋಳಿ, ಭಾವ.”

ಗಾಜಿನಲ್ಲಿ ಹುಲಿ ಡಾಕ್ಟರನ ಪ್ರತಿಬಿಂಬ ಕಾಣುತ್ತಿತ್ತು. ಮೀಸೆ, ಅಗಲ ಎದೆ, ಜೇಬಿನಲ್ಲಿ ಮೂರು ಪೆನ್ನು. ಪ್ರತಿಬಿಂಬದ ಬಾಯಿ ಅವನಿಗಿಂತ ಮೊದಲೇ ತೆರೆದುಕೊಂಡಿತು.

“ಅದಲುಬದಲು ಆಗಿರಬೇಕು,” ಅಂದ ಅವನು. “ಇಲ್ಲೇ. ಲ್ಯಾಬಿನಲ್ಲಿ. ಒಬ್ಬರೇ ಅರವತ್ತು ಟ್ಯೂಬು ನೋಡೋವಾಗ ಆಗುತ್ತೆ, ತಪ್ಪೇನಿಲ್ಲ. ನಾನು ಯಾರಿಗೂ ಹೇಳಲ್ಲ ಬಿಡು.”

ಆಡಿದ ಮಾತು ಮೈಕಿನೊಳಗೆ ಹೋಗಿ, ಗಾಜು ದಾಟಿ, ಅವಳನ್ನು ಮುಟ್ಟುವುದು ಅವನಿಗೆ ಕಣ್ಣಾರೆ ಕಂಡಿತು. ಆ ಕಣ್ಣು ಒಮ್ಮೆ ಮುಚ್ಚಿ ತೆರೆಯಿತು. ಮನೆಯಲ್ಲಿ ಅವನ ಮಗನಿಗೆ ಲೆಕ್ಕ ಹೇಳಿಕೊಡುವವಳು, ಹಬ್ಬಹರಿದಿನಕ್ಕೆ ಅವನ ತಟ್ಟೆಗೆ ಮೊದಲು ಬಡಿಸುವವಳು. ಅವಳ ತಲೆಯ ಮೇಲೆ ಅವನು ತನ್ನ ಹೇಲುಬುಟ್ಟಿಯನ್ನು ಇಳಿಸಲು ನೋಡಿದ್ದ, ಅದೂ ದೊಡ್ಡ ಉಪಕಾರ ಮಾಡುವವನ ಹಾಗೆ.

“ಅರವತ್ತೂ ನೋಡಿದೆ,” ಅಂದಳು ಅವಳು. “ನನ್ನ ಕೈತಪ್ಪಿ ಅದಲುಬದಲು ಆಗಿದ್ರೆ, ಹತ್ತು ಕಂದು ಕೋಳಿ ಬೇರೆ ಎಲ್ಲಾದ್ರೂ ಇರಬೇಕಲ್ಲ? ಒಂದೂ ಇಲ್ಲ. ಅರವತ್ತಕ್ಕೆ ಅರವತ್ತೂ ಬಿಳಿ. ಆರನೇ ಶೆಡ್ಡು ಈ ಲ್ಯಾಬಿಗೆ ಬಂದೇ ಇಲ್ಲ.”

ಫ್ರೀಜರ್ ಒಂದೇ ಸಮನೆ ಗೊರಗುಟ್ಟುತ್ತಿತ್ತು.

“ಹುಲಿಗೆ ಇಂಜೆಕ್ಷನ್ ಕೊಟ್ಟ ಕಥೆ ನೀವು ಮದುವೆ ಮನೇಲಿ ಹೇಳಿದಾಗ ನಾನು ಕಾಲೇಜಿನಲ್ಲಿದ್ದೆ,” ಅಂದಳು. “ಬಾಯಿ ಬಿಟ್ಕೊಂಡು ಕೇಳಿದ್ದೆ. ಆ ಹುಲಿ ಸತ್ತು ಎರಡು ದಿನ ಆಗಿತ್ತು, ನೀವು ಹೋಗಿದ್ದು ಪೋಸ್ಟ್ ಮಾರ್ಟಮ್‌ಗೆ ಅಂತ ಅಕ್ಕ ಆಮೇಲೆ ಹೇಳಿದ್ಲು. ಆಗಲೂ ನಕ್ಕೆ. ಭಾವ ಬುರುಡೆ ಬಿಡ್ತಾರೆ, ಯಾರಿಗೇನು ನಷ್ಟ ಅಂತ.” ಅವಳು ಏಳನೇ ಟ್ಯೂಬನ್ನು ಸ್ಟ್ಯಾಂಡಿಗೆ ಮರಳಿಸಿದಳು. “ಆರನೇ ಶೆಡ್ಡಿಗೆ ಯಾಕೆ ಹೋಗಲಿಲ್ಲ?”

ಹುಲಿ ಡಾಕ್ಟರ್ ಹತ್ತಿರದಲ್ಲಿದ್ದ ಸ್ಟೂಲಿನ ಮೇಲೆ ಕೂತ. ಮೈಕು ಎತ್ತರದಲ್ಲಿತ್ತು, ಅವನ ಮಾತು ಅವಳಿಗೆ ಕೇಳಿಸಲಿಲ್ಲ.

“ಎದ್ದು ನಿಂತು ಹೇಳಿ ಭಾವ.”

ಎದ್ದು ನಿಂತ.

“ಭಯ,” ಅಂದ.

“ಹಕ್ಕಿ ಜ್ವರದ್ದಾ?”

“ಅದಾಗಿದ್ರೆ ಮರ್ಯಾದೆಯಾದ್ರೂ ಉಳೀತಿತ್ತು.” ಅವನು ನಗಲು ನೋಡಿದ, ತುಟಿ ಮಾತ್ರ ಅಲುಗಿತು. “ಕೋಳಿದು. ಕೋಳಿ ಅಂದ್ರೆ ಭಯ ನನಗೆ. ಪಂಜರದಲ್ಲಿದ್ರೆ ಏನೂ ಆಗಲ್ಲ. ಬಿಟ್ಟ ಕೋಳಿ ಕಾಲ ಹತ್ತಿರ ಬಂದು ರೆಕ್ಕೆ ಬಡಿದ್ರೆ ಮಂಡಿ ಎರಡೂ ಬಿಟ್ಟುಹೋಗುತ್ತೆ. ಉಸಿರು ಕಟ್ಟುತ್ತೆ.”

ಎಲ್ಲದಕ್ಕೂ ಒಂದು ಕಥೆ ಇಟ್ಟುಕೊಂಡಿದ್ದ ಮನುಷ್ಯ. ಮೀಸೆಗೆ ಒಂದು ಕಥೆ, ಹಣೆಯ ಗಾಯಕ್ಕೆ ಮೂರು ಕಥೆ. ಈ ಭಯಕ್ಕೆ ಮಾತ್ರ ಅವನ ಹತ್ತಿರ ಒಂದೂ ಇರಲಿಲ್ಲ. ಯಾವ ಕೋಳಿಯೂ ಅವನನ್ನು ಚಿಕ್ಕಂದಿನಲ್ಲಿ ಅಟ್ಟಿಸಿಕೊಂಡು ಬಂದಿರಲಿಲ್ಲ. ಭಯ ಇತ್ತು, ಅಷ್ಟೇ.

“ಇಷ್ಟು ವರ್ಷ?”

“ನೆಲದ ಶೆಡ್ಡಿಗೆಲ್ಲ ಕಾಂಪೌಂಡರ್ ಹೋಗಿ ಕೋಳಿ ಹಿಡ್ಕೊಂಡು ಬರ್ತಿದ್ದ. ನಾನು ಬಾಗಿಲಲ್ಲಿ ನಿಂತು ಕಡ್ಡಿ ಆಡಿಸ್ತಿದ್ದೆ. ಹೋದ ತಿಂಗಳು ಅವನು ರಿಟೈರ್ ಆದ. ಆವತ್ತು ಆರನೇ ಬಾಗಿಲ ಮುಂದೆ ನಿಂತೆ. ಒಳಗೆ ಸಾವಿರ ಕೋಳಿ. ಬುಟ್ಟಿಯಕ್ಕ ಬೇರೆ ಕರೀತಿದ್ಲು. ಒಂದು ತಮಾಷೆ ಮಾಡಿ ವಾಪಸು ಬಂದೆ. ಐದನೇ ಶೆಡ್ಡಿನಲ್ಲೇ ಇನ್ನೂ ಹತ್ತು ಕೋಳಿಗೆ ಕಡ್ಡಿ ಹಾಕಿ ‘ಆರು’ ಅಂತ ಬರೆದೆ.”

ಹೇಳಿ ಮುಗಿಸಿದ ಮೇಲೆ ಹಗುರಾಗುತ್ತದೆ ಅಂದುಕೊಂಡಿದ್ದ. ಹಾಗಾಗಲಿಲ್ಲ. ಇಷ್ಟು ಹೊತ್ತು ಎದೆಯೊಳಗಿದ್ದ ವಸ್ತು ಈಗ ಕೋಣೆಯ ನಡುವೆ ಬಂದು ನಿಂತಿತ್ತು, ಅಷ್ಟೇ ವ್ಯತ್ಯಾಸ.

ನಾದಿನಿ ಟ್ಯೂಬುಗಳ ಸ್ಟ್ಯಾಂಡನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಹೇಳಿದಳು: “ನನ್ನ ಹತ್ತಿರ ಹೇಳಿ ಏನು ಬಂತು? ಡಾಕ್ಟರಮ್ಮನಿಗೆ ಫೋನ್ ಮಾಡಿ. ಆರಕ್ಕೆ ಪಟ್ಟಿ ಕೇಳಿದ್ದಾರೆ. ಜ್ವರ ಆಮೇಲೆ ಹೊರಗಿಂದ ಬಂತು ಅಂತಾನೇ ಅವರು ಇನ್ನೂ ನಂಬಿದ್ದಾರೆ.”

“ನಾಳೆ ಬೆಳಿಗ್ಗೆ ನಾನೇ ಖುದ್ದಾಗಿ ಹೋಗಿ…”

“ಈಗ, ಭಾವ. ನನ್ನ ಮುಂದೆ. ಸ್ಪೀಕರ್ ಹಾಕಿ.”

*

ಡಾಕ್ಟರಮ್ಮ ಮೊದಲನೇ ರಿಂಗಿಗೇ ಎತ್ತಿದಳು.

“ಹೇಳಿ ಹುಲಿ ಡಾಕ್ಟ್ರೇ. ಕಳ್ಳನ ಕಿವಿ ಸಿಕ್ತಾ?”

“ಸಿಕ್ತು,” ಅಂದ ಅವನು. “ನನ್ನದೇ.”

ಹೇಳಿದ. ಈ ಸಲ ತಮಾಷೆ ಇಲ್ಲದೆ ಹೇಳಿದ, ಆದ್ದರಿಂದ ಮೂರೇ ನಿಮಿಷದಲ್ಲಿ ಮುಗಿಯಿತು. ಆರನೇ ಶೆಡ್ಡಿಗೆ ಹೋಗಲಿಲ್ಲ. ಅಲ್ಲಿ ಆವತ್ತೇ ಜ್ವರ ಇತ್ತು. ಬುಟ್ಟಿಯಕ್ಕ ಕರೆದು ಹೇಳಿದಳು. ಹಕ್ಕಿ ಜ್ವರ ಇಲ್ಲ ಅಂತ ನಾನು ಬರೆದುಕೊಟ್ಟ ಮೇಲೆ ಅವಳು ಇನ್ನೂ ಏಳು ದಿನ ಮಾಸ್ಕಿಲ್ಲದೆ ಆ ಧೂಳಿನಲ್ಲಿ ಬಗ್ಗಿ ಮೊಟ್ಟೆ ಆರಿಸಿದಳು.

ಆ ಕಡೆಯಿಂದ ಬೈಗುಳ ಬರುತ್ತದೆ ಅಂತ ಕಾದ. ಬರಲಿಲ್ಲ. ಯಾವುದೋ ಯಂತ್ರ ಬೀಪ್ ಬೀಪ್ ಅನ್ನುವುದು ಮಾತ್ರ ಕೇಳುತ್ತಿತ್ತು.

“ಡಾಕ್ಟ್ರೇ,” ಅಂದಳು ಕೊನೆಗೆ, ದನಿ ಬದಲಾಗಿತ್ತು. “ಇನ್ನೊಂದ್ಸಲ ಹೇಳಿ. ಆವತ್ತು ನೀವು ಆರನೇ ಶೆಡ್ಡಿನ ಒಳಗೆ ಕಾಲೇ ಇಡಲಿಲ್ಲ?”

“ಇಡಲಿಲ್ಲ.”

“ಒಂದು ನಿಮಿಷಕ್ಕೂ?”

“ಹೊಸಿಲೂ ತುಳೀಲಿಲ್ಲ.”

“ಹಾಗಾದ್ರೆ ಒಳಗೆ ಬಂದಿದ್ದು ಯಾರು?”

ಗಾಜಿನಾಚೆ ನಾದಿನಿ ತಲೆ ಎತ್ತಿದಳು.

“ಬುಟ್ಟಿಯಕ್ಕ ನಿನ್ನೆ ಉಸಿರು ಸಿಕ್ಕಾಗೆಲ್ಲ ಒಂದೊಂದೇ ಮಾತು ಹೇಳಿದ್ದಾಳೆ. ಬರೆದುಕೊಂಡಿದ್ದೀನಿ, ಓದ್ತೀನಿ.” ಕಾಗದ ಸರಿದ ಸದ್ದು. “‘ಡಾಕ್ಟ್ರು ಒಳಗೆ ಬಂದ್ರು. ತಲೆಯಿಂದ ಕಾಲಿನತನಕ ಬಿಳಿ ಸೂಟು, ಮುಖಕ್ಕೆ ಮಾಸ್ಕು, ಕನ್ನಡಕ. ಹೊರಗೆ ಅಷ್ಟು ತಮಾಷೆ ಮಾಡಿದವರು ಒಳಗೆ ಬಂದು ಒಂದು ಮಾತೂ ಆಡಲಿಲ್ಲ. ಮಂಡಿಯೂರಿ ನಾಲ್ಕು ಕೋಳಿ ಹಿಡಿದು ಚೀಲಕ್ಕೆ ಹಾಕ್ಕೊಂಡು ಹೋದ್ರು. ಪರೀಕ್ಷೆಗೆ ಅಂದ್ಕೊಂಡೆ.’ ನಾನೂ ಹಾಗೇ ಅಂದ್ಕೊಂಡೆ. ನೀವೇ ಒಯ್ದಿರ್ತೀರಿ, ಕೋಳಿ ಲ್ಯಾಬಿನಲ್ಲಿ ಭದ್ರವಾಗಿರ್ತವೆ ಅಂತ. ಅದಕ್ಕೇ ಹುಡುಕಲಿಲ್ಲ.”

ನಾಲ್ಕು ಕೋಳಿ. ಹೌದು, ನಾನೇ, ಅಂತ ಅವನು ಹೇಳಿ ಇನ್ನೂ ಎರಡು ಗಂಟೆಯೂ ಆಗಿರಲಿಲ್ಲ.

“ಎಲ್ಲೋ ಯಾರದೋ ಮನೆಯಲ್ಲಿ ಜ್ವರ ಹತ್ತಿದ ನಾಲ್ಕು ಕೋಳಿ ಹನ್ನೆರಡು ದಿನದಿಂದ ಓಡಾಡ್ತಿವೆ,” ಅಂದಳು ಡಾಕ್ಟರಮ್ಮ. “ಇಲ್ಲಾ, ಕತ್ತರಿಸಿದಾರೆ. ಆ ಮನೇಲಿ ಎಷ್ಟು ಜನ ಇದ್ದಾರೋ ಗೊತ್ತಿಲ್ಲ. ನೀವು ಮೊದಲ ದಿನವೇ ನಿಜ ಹೇಳಿದ್ದಿದ್ರೆ, ಆ ಸೂಟಿನವನು ನೀವಲ್ಲ ಅಂತ ನಮಗೆ ಆವತ್ತೇ ಗೊತ್ತಾಗ್ತಿತ್ತು. ಯಾರವನು? ಆ ಸೂಟು ಅವನಿಗೆ ಎಲ್ಲಿಂದ ಬಂತು?”

ಇಲ್ಲಿಗೆ ನಿಲ್ಲಿಸಬಹುದಿತ್ತು. ಗೊತ್ತಿಲ್ಲ ಅಂದಿದ್ದರೆ ಡಾಕ್ಟರಮ್ಮ ನಂಬುತ್ತಿದ್ದಳು, ನಾದಿನಿಯ ಯಾವ ಟ್ಯೂಬಿನಲ್ಲೂ ಅದಕ್ಕೆ ಸಾಕ್ಷಿ ಇರಲಿಲ್ಲ. ಹುಲಿ ಡಾಕ್ಟರನ ನಾಲಿಗೆ ಅಭ್ಯಾಸದಂತೆ ಒಂದು ಕಥೆಗಾಗಿ ತಡಕಾಡಿತು. ಮೊಳೆಗೆ ನೇತಾಡುತ್ತಿದ್ದ ಬುಟ್ಟಿ ಕಣ್ಣ ಮುಂದೆ ಬಂತು. ಹಿಡಿಗೆ ಸುತ್ತಿದ್ದ ಸೀರೆಯ ಅಂಚು ಬಂತು.

“ಸೂಟು ನನ್ನದು,” ಅಂದ.

ನಾದಿನಿ ಗಾಜಿಗೆ ಹತ್ತಿರ ಬಂದಳು.

“ಶೆಡ್ಡಿಗೊಂದರಂತೆ ಆರು ಸೂಟು ತಂದಿದ್ದೆ. ಐದು ಹಾಕಿ ಬಿಚ್ಚಿದೆ. ಆರನೇದನ್ನ ಪ್ಯಾಕೆಟ್ ಒಡೆದು, ಹಾಕ್ಕೊಳ್ಳದೇ, ಐದನೇ ಶೆಡ್ಡಿನ ಹಿಂದೆ ನೇತುಹಾಕಿದೆ. ಮಾಸ್ಕು, ಕನ್ನಡಕ ಎಲ್ಲ ಅದರ ಜೊತೆಗೇ. ಆಮೇಲೆ ಫೀಡ್ ಕೋಣೆಯಲ್ಲಿ ಬಾಗಿಲು ಹಾಕ್ಕೊಂಡು ಕೂತು ಟ್ಯೂಬಿಗೆ ಚೀಟಿ ಅಂಟಿಸಿದೆ. ಅರ್ಧ ಗಂಟೆ ಆಗಿರಬಹುದು. ಆರೂ ಸೂಟನ್ನ ಸುಡಬೇಕಲ್ಲ, ತೆಗೆಯೋಕೆ ಹೋದೆ. ಆರನೇದರ ಮಂಡಿಗೆ ಹೊಟ್ಟು ಮೆತ್ತಿತ್ತು. ತೋಳಿನ ಮಡಿಕೇಲಿ ಒಂದು ಕಂದು ಪುಕ್ಕ ಇತ್ತು.”

“ನೋಡಿದ್ರಾ?” ಅಂದಳು ಡಾಕ್ಟರಮ್ಮ. “ನೋಡಿಯೂ ಏನು ಮಾಡಿದ್ರಿ?”

“ಖುಷಿ ಆಯ್ತು.”

ಅವನು ಫೋನನ್ನು ಇನ್ನೊಂದು ಕೈಗೆ ಬದಲಿಸಿಕೊಂಡ.

“ಒಳಗೆ ಹೋಗಿ ಬಂದವನ ಸೂಟಿನ ಹಾಗೇ ಕಾಣ್ತಿತ್ತು. ಯಾರು ಹಾಕ್ಕೊಂಡಿದ್ರು ಅಂತ ಯೋಚನೆ ಮಾಡೋಕೆ ಹೋಗಲಿಲ್ಲ. ನನ್ನ ಕೆಲಸ ಸಲೀಸಾಯ್ತಲ್ಲ ಅಂದ್ಕೊಂಡೆ. ಸುಡೋ ಗುಂಡಿಯ ಹತ್ತಿರ ಸೂಪರ್‌ವೈಸರ್ ನಿಂತಿದ್ದ. ಅವನಿಗೆ ಕಾಣಲಿ ಅಂತ ಸೂಟನ್ನ ಎತ್ತಿ ಹಿಡಿದು ಕೊಡವಿದೆ. ‘ಅಯ್ಯೋ, ಮೈಯೆಲ್ಲ ಹೊಟ್ಟು ಮಾಡ್ಕೊಂಡ್ರಲ್ಲ ಸಾರ್’ ಅಂದ. ಅಂದವನು ನನ್ನ ಮುಖಾನೇ ನೋಡ್ತಿದ್ದ, ಡಾಕ್ಟರಮ್ಮ. ಸೂಟಿನ ಕಡೆ ಕಣ್ಣೂ ಹಾಯಿಸಲಿಲ್ಲ. ಇವತ್ತು ಆ ನಾಲ್ಕು ಕೋಳಿ ನೀವೇ ಒಯ್ದಿರಬೇಕು ಅಂತ ನನ್ನ ಬಾಯಿಗೆ ಇಟ್ಟವನೂ ಅವನೇ.”

ಅವನ ದನಿ ಅಲ್ಲಿಗೆ ಒಡೆಯಿತು.

“ಆರನೇ ಶೆಡ್ಡಿಗೆ ಹೋಗೋದು ಅಂದ್ರೆ ಸುಮ್ನೇನಾ ಅಂದೆ ನಾನು. ಹಾಗೇ ಹೇಳಿದೆ. ಹೇಳಿ ಬೆಂಕಿಗೆ ಹಾಕಿದೆ.”